ಆಡು ಒಲ್ಲದ ಮರ

ಮಾನ್ವಿಯ ಶಾಮೀದಸಾಬ ನಲವತ್ತು ವರ್ಷದಿಂದ ಆಡುಗಳಿಗೆ ಸೊಪ್ಪುತಪ್ಪಲು ಕಡಿದು ಮಾರಿಯೇ ಹೊಟ್ಟೆ ಹೊರೆದ ಮನುಷ್ಯ. ಮರಗಳ ಹೆಸರು ಅವನಿಗೆ ಅಷ್ಟಕ್ಕಷ್ಟೇ. ಆಡು ತಿಂದರೆ ಒಳ್ಳೇ ಮರ, ಮೂಸಿ ಬಿಟ್ಟರೆ ಕೆಟ್ಟ ಮರ, ಮುಗಿಯಿತು.

ಚೀಕಲಪರ್ವಿಯ ಹೊಳೆದಂಡೆಯಲ್ಲಿ ಒಂದು ಒಳ್ಳೇದು, ಒಂದು ಕೆಟ್ಟದ್ದು ಅಕ್ಕಪಕ್ಕ ನಿಂತಿದ್ದವು. ರಾಯಚೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವ ವಿಜಯಲಕ್ಷ್ಮಿ ಮೇಡಂ ಅವನ್ನು ನೋಡಿ ಹಿಗ್ಗಿಹೋದರು. ಎರಡೂ ಹ್ಯಾಕ್‌ಬೆರಿ ಎಂಬ ಮರದ ಜಾತಿಯವಂತೆ, ಒಡಹುಟ್ಟಿದ ಅಕ್ಕತಂಗಿಯರಂತೆ. ಒಂದಕ್ಕೆ ಎಲ್ಲೂ ಕೊರತೆಯಿಲ್ಲ, ಅಳಿಯುವ ಮರಗಳ ಪಟ್ಟಿಯಲ್ಲೂ ಚಿಂತೆಯಿಲ್ಲವೆಂದೇ ಬರೆದಿದೆ. ಇನ್ನೊಂದರ ಎಲೆಯಂಚಿಗೆ ಗರಗಸದ ಹಲ್ಲು. ಮೂರು ತಾಲ್ಲೂಕು ಸುತ್ತಿದರೂ ಅಂಥದ್ದು ಅವರಿಗೆ ಸಿಕ್ಕಿದ್ದು ಇದೊಂದೇ. ದಂಡೆಗೆ ಪಂಪ್‌ಹೌಸ್ ಬರುತ್ತಿತ್ತು, ಒಂದು ಮರ ಹೋಗಲೇಬೇಕಿತ್ತು. ಗುತ್ತಿಗೆದಾರ ಪಂಪಾಪತಿಯನ್ನು ಕಾಡಿ ಬೇಡಿ ಹಲ್ಲಿನೆಲೆಯದನ್ನು ಉಳಿಸಿಕೊಂಡಿದ್ದರು.

"ಉಳಿಸೋ ಮರಕ್ಕ ಹಸಿರು ಬಟ್ಟಿ ಕಟ್ಟಿಬಿಡ್ರಿ ಕಾಕಾ," ಶಾಮೀದಸಾಬನಿಗೆ ಅಂದಿದ್ದರು.

ಕಟ್ಟಲು ಹೋದಾಗ ಎರಡೂ ಎಲೆ ಉದುರಿಸಿ ಬೋಳಾಗಿದ್ದವು. ಶಾಮೀದಸಾಬ ತಲೆ ಕೆಡಿಸಿಕೊಳ್ಳಲಿಲ್ಲ. ಇಷ್ಟು ಓದಿದವರು ಉಳಿಸು ಅನ್ನುವುದು ಒಳ್ಳೇ ಮರವನ್ನೇ ತಾನೇ? ಆಡಿಗೆಂದು ಕಡಿದ ತನ್ನ ಕೊಡಲಿಯ ಹಳೇ ಕಚ್ಚು ಇದ್ದ ಮರಕ್ಕೆ ಬಟ್ಟೆ ಬಿಗಿದು ಬಂದ.

ಮರ ಕಡಿಯುವ ದಿನ ಬೆಳಿಗ್ಗೆ ಅವನು ದೇವದುರ್ಗದಲ್ಲಿ, ಆಡು ಸಾಕಿದ ರಜಿಯಾ ಬೇಗಂ ಮನೆಯಂಗಳದಲ್ಲಿ ಚೀಲ ಕೊಡವುತ್ತಿದ್ದ. ತಳದಿಂದ ಹೋದ ವರ್ಷದ ನಾಲ್ಕು ಒಣ ಎಲೆ ಬಿದ್ದವು. ಬುಡದಿಂದಲೇ ಮೂರು ನರ ಹೊರಟ ಎಲೆ, ಹೊಳೆದಂಡೆಯ ಒಳ್ಳೇ ಮರದ್ದೇ. ಅಂಚಿನ ಮೇಲೆ ಬೆರಳಾಡಿಸಿದ. ನುಣ್ಣಗಿತ್ತು. ಮೇಡಂ ಗರಗಸದ ಹಲ್ಲು ಅಂದಿದ್ದು ಇದಕ್ಕಲ್ಲ, ಬಟ್ಟೆ ಕಟ್ಟಿದ್ದು ಇದಕ್ಕೇ.

ಪಂಪಾಪತಿಗೆ ಫೋನ್ ಹಚ್ಚಿದ, ಎತ್ತಲಿಲ್ಲ. ಸಿಕ್ಕ ಬಸ್ ಹತ್ತಿದ. ಮೇಡಂಗೆ ಒಂದು ಮಾತು ಹೇಳಿದ್ದರೆ ಅವರು ಹೇಗಾದರೂ ಕೆಲಸ ನಿಲ್ಲಿಸುತ್ತಿದ್ದರು. ಆದರೆ ಮರದ ಗುರುತು ತಪ್ಪಿದೆ ಅಂತ ಯಾವ ಬಾಯಿಂದ ಹೇಳುವುದು? ಅವರ ನಂಬರಿನ ಮೇಲೆ ಬೆರಳಿಟ್ಟು, ತೆಗೆದು, ಮತ್ತೆ ಇಟ್ಟು, ದಾರಿ ಸವೆಸಿದ. ಬಸ್ಸು ನಿಂತಲ್ಲೆಲ್ಲ ಡ್ರೈವರನನ್ನು ಮನಸ್ಸಿನಲ್ಲೇ ಶಪಿಸಿದ.

ಹೊಳೆದಂಡೆ ಮುಟ್ಟಿದಾಗ ಬಟ್ಟೆ ಕಟ್ಟಿದ ಮರ ನಿಂತಿತ್ತು. ಪಕ್ಕದ್ದರ ಬೇರನ್ನೂ ಬಿಡದೆ ಜೆಸಿಬಿ ಕಿತ್ತು ಹಾಕಿತ್ತು. ಅವನು ಮಣ್ಣಿನ ಗುಡ್ಡೆಯ ಮೇಲೆ ಕೂತುಬಿಟ್ಟ.

ಆಗ ಮೇಡಂ ಅವರೇ ಫೋನ್ ಮಾಡಿದರು.

"ಕಾಕಾ, ನಮ್ಮ ಮರ ಉಳೀತೇನ್ರಿ?"

ಅವನು ಹಸಿರು ಬಟ್ಟೆಯತ್ತ ನೋಡಿದ. "ಹೂಂನ್ರಿ ಮೇಡಂ. ಬಟ್ಟಿ ಕಟ್ಟಿದ್ದು ನಿಂತದ."

"ಈಗ ಜೀವಕ್ಕ ಸಮಾಧಾನ ಆತು ನೋಡ್ರಿ. ಹಣ್ಣಾದಾಗ ಬರ್ತೀನಿ. ಬೀಜ ಮಾತ್ರ ನೀವ ಆರಿಸಿ ಕೊಡಬೇಕು, ಬ್ಯಾರೆಯವ್ರನ್ನ ನಾ ನಂಬಂಗಿಲ್ಲ."

"ಆತ್ರಿ," ಅಂದ ಶಾಮೀದಸಾಬ.