ನೂರಾ ಹದಿನೆಂಟನೇ ಪುಟದ ಆಚೆ

ದಾನೇಶ್ವರಿ ಕಲ್ಲೂರಿನವಳು. ಹುಟ್ಟಿನಿಂದ ಕಣ್ಣಿಲ್ಲ. ಈಗ ರಾಯಚೂರಿನಲ್ಲಿ ಅಣ್ಣನ ಮನೆಯಲ್ಲಿದ್ದು, ಒಂದು ಸರ್ಕಾರಿ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸ ಮಾಡುತ್ತಾಳೆ. ಪುಸ್ತಕವೆಂದರೆ ಊಟ ಬಿಡುವಷ್ಟು ಹುಚ್ಚು. ಚಿಕ್ಕಂದಿನಲ್ಲಿ ಯಾರಾದರೂ ಓದಿ ಹೇಳಲಿ ಎಂದು ಮನೆಮಂದಿಯನ್ನೆಲ್ಲ ಗೋಗರೆಯುತ್ತಿದ್ದಳು. ಮೊಬೈಲು ಕನ್ನಡ ಓದಲು ಕಲಿತ ಮೇಲೆ ಆ ಗೋಳು ತಪ್ಪಿತು. ಇಯರ್‌ಫೋನ್ ಸಿಕ್ಕಿಸಿಕೊಂಡರೆ ಅವಳು ಏನು ಓದುತ್ತಿದ್ದಾಳೆಂದು ಪಕ್ಕದಲ್ಲಿ ಕೂತವರಿಗೂ ಗೊತ್ತಾಗುತ್ತಿರಲಿಲ್ಲ. ಅವಳಿಗೆ ಬೇಕಾದದ್ದೂ ಅದೇ.

ದೇವದುರ್ಗದ ಗಡಿಗೆಪ್ಪ ಮೇಷ್ಟ್ರು, ಮಾನ್ವಿಯ ಮುಷರ್ರಫ್ ಅವಳ ಓದಿನ ಜೊತೆಗಾರರು. ಅವರಿಗೂ ಕಣ್ಣಿಲ್ಲ. ಮೂವರೂ ಒಂದೇ ಕಾದಂಬರಿ ಹಿಡಿಯುವುದು, ಭಾನುವಾರ ಫೋನಿನಲ್ಲಿ ಸೇರಿ ಅದರ ಮೇಲೆ ಜಗಳವಾಡುವುದು. ಈ ಸಲದ ಕಾದಂಬರಿಯಲ್ಲಿ ನೀಲಾ ಎಂಬ ಹೆಂಗಸು ಗಂಡನ ಮನೆ ಬಿಟ್ಟು ಬಸ್ ಸ್ಟ್ಯಾಂಡಿಗೆ ಬಂದು ನಿಂತಿದ್ದಳು. ಅದು ನೂರಾ ಹದಿನೆಂಟನೇ ಪುಟ. ಅಷ್ಟರಲ್ಲಿ ಪುಸ್ತಕ ಓದಿ ಹೇಳುವ ಆ್ಯಪ್ ಅಪ್‌ಡೇಟ್ ಆಯಿತು, ಕನ್ನಡದ ದನಿ ಬಿದ್ದುಹೋಯಿತು. ಪುಟದ ನಂಬರು ಮಾತ್ರ ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಅದರಲ್ಲಿ ಕೊಂಡ ಪುಸ್ತಕ ಬೇರೆ ಆ್ಯಪಿನಲ್ಲಿ ತೆರೆಯುತ್ತಲೂ ಇರಲಿಲ್ಲ.

ಆ್ಯಪ್ ಮಾಡಿದ ಕಂಪನಿಯೋ ಲೋಕವೆಲ್ಲ ಹಬ್ಬಿದ್ದು. ಅದಕ್ಕೆ ಈ ಮೂವರು ಹನ್ನೊಂದು ದೂರು ಬರೆದರು. ತೊಂದರೆ ಕಾಣುವ ಹಾಗೆ ಪರದೆಯ ಚಿತ್ರ ತೆಗೆದು ಕಳಿಸಿ ಎಂದು ಉತ್ತರ ಬಂತು. ಕೇಳಿಸದ ದನಿಯ ಚಿತ್ರ ತೆಗೆಯುವುದು ಹೇಗೆಂದು ಆ ಪುಣ್ಯಾತ್ಮರೇ ಹೇಳಬೇಕು. ಮುಷರ್ರಫ್ ಅದನ್ನೇ ವಿನಯದಿಂದ ಬರೆದು ಕೇಳಿದ. ಚಿತ್ರ ಬಾರದ ಕಾರಣ ದೂರು ಮುಗಿಸಲಾಗಿದೆ ಎಂದು ಮರುದಿನವೇ ಉತ್ತರ. ಮತ್ತೆ ಬರೆದರೆ ಮತ್ತೆ ಅದೇ. ಫೋನ್ ಹಚ್ಚಿ ಬೈಯೋಣವೆಂದರೆ ನಂಬರೂ ಇಲ್ಲ. ಹೀಗೇ ನಾಲ್ಕು ತಿಂಗಳು ಕಳೆದವು.

ಕೊನೆಗೆ ದಾನೇಶ್ವರಿ ಸೋತು, ಅತ್ತಿಗೆ ಗೋಪಮ್ಮನ ಕೈಗೆ ಮೊಬೈಲು ಕೊಟ್ಟಳು. ಗೋಪಮ್ಮ ಒಳ್ಳೆಯವಳೇ. ಎರಡು ಪುಟ ಓದಿದಳು, ತಡವರಿಸಿದಳು. ಆಮೇಲೆ ಬಾಯಿಮಾತಿನಲ್ಲೇ ಕಥೆ ಮುಗಿಸಿಬಿಟ್ಟಳು.

"ಆಕಿ ತಿರುಗಿ ಗಂಡನ ಮನಿಗೇ ಹೋದಳವ್ವ. ಚೊಲೊ ಬಾಳೇ ಮಾಡಿದಳು."

"ಖರೇನ ಹಂಗ ಬರದಾರೇನು ಯಕ್ಕಾ?"

"ನಾ ಯಾಕ ಸುಳ್ಳು ಹೇಳಲಿ ನಿನಗ?"

ಇನ್ನೂ ಎಂಬತ್ತು ಪುಟ ಉಳಿದಿದ್ದವು. ದಾನೇಶ್ವರಿಗೆ ಸಿಟ್ಟು ಬಂತು. ಒಲೆಯ ಮೇಲೆ ಅನ್ನಕ್ಕಿಟ್ಟು ಬಂದು ಓದಿದವಳ ಮೇಲೆ ಸಿಟ್ಟಾಗುವುದು ಹೇಗೆ ಎಂದು ಅದನ್ನೂ ನುಂಗಿಕೊಂಡಳು.

ಭಾನುವಾರ ಮೂವರೂ ಫೋನಿನಲ್ಲಿ ಸೇರಿದರು. ಉಳಿದಿಬ್ಬರೂ ಮನೆಯವರಿಂದ ಓದಿಸಿಕೊಂಡಿದ್ದರು. ಮೇಷ್ಟ್ರ ಮಗಳು ಹೇಳಿದ ಪ್ರಕಾರ ನೀಲಾ ಬೇರೆ ಊರಿಗೆ ಹೋಗಿ ನೌಕರಿ ಹಿಡಿದಿದ್ದಳು. ಮುಷರ್ರಫನ ತಮ್ಮ ಹೇಳಿದ್ದರಲ್ಲಿ ಬಾವಿಗೆ ಬಿದ್ದು ಸತ್ತಿದ್ದಳು. ಮೂರರಲ್ಲಿ ಒಂದು ನಿಜವಿರಬಹುದು, ಒಂದೂ ಇಲ್ಲದಿರಬಹುದು. ಯಾವುದನ್ನು ಹಿಡಿದು ಜಗಳವಾಡುವುದು?

"ಪುಸ್ತಕದಾಗ ಏನು ಬರದದ ಮತ್ತ, ದಾನೇಶ್ವರಿ?" ಎಂದು ಮೇಷ್ಟ್ರು ಕೇಳಿದರು.

"ಪುಸ್ತಕ ನನ್ನ ಕೈಯಾಗೇ ಅದರಿ ಸರ್," ಎಂದಳು ದಾನೇಶ್ವರಿ. "ಯಾರನ್ನ ಕೇಳ್ಲಿ ಹೇಳ್ರಿ?"