ಗಾಳಿ ಭಾವನ ಸಬ್‌ವೂಫರ್

ನನ್ನ ಅಕ್ಕನ ಗಂಡನಿಗೆ ನಮ್ಮ ಕಡೆಯವರೆಲ್ಲ ಇಟ್ಟ ಹೆಸರು ಗಾಳಿ ಭಾವ. ಟೈರ್ ಅಂಗಡಿ ಇಟ್ಟುಕೊಂಡ ಮನುಷ್ಯನಿಗೆ ಇನ್ನೇನು ಹೆಸರಿಡಬೇಕು ಹೇಳಿ? ಬೆಳಗಾದರೆ ಕಂಪ್ರೆಸರ್ ಚಾಲೂ ಮಾಡಿ, ದಿನವಿಡೀ ಟ್ಯೂಬುಗಳನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುವುದೇ ಅವರ ಬದುಕು. ಆ ಕಂಪ್ರೆಸರ್ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ಎಷ್ಟು ದೊಡ್ಡದಾಗಿತ್ತೆಂದರೆ, ಅವರು ಗುಟ್ಟು ಹೇಳಿದರೂ ಎದುರು ಮನೆಯವರು ಬಾಗಿಲು ತೆರೆದು ನೋಡುತ್ತಿದ್ದರು. ಮನಸ್ಸು ಮಾತ್ರ ಮೆತ್ತಗೆ. ಪಂಕ್ಚರ್ ಆದ ಗಾಡಿ ತಳ್ಳಿಕೊಂಡು ಬಂದವರಿಗೆ ಮೊದಲು ಕೂರಲು ಸ್ಟೂಲು, ಆಮೇಲೆ ಕುಡಿಯಲು ನೀರು, ಆಮೇಲೆ ಬೈಗುಳ. "ಇಷ್ಟು ಸವೆದಿರೋ ಟೈರ್ ಇಟ್ಕೊಂಡು ಓಡಾಡ್ತೀರಲ್ರೀ, ಜೀವದ ಮೇಲೆ ಆಸೆ ಇಲ್ವಾ?"

ಇಂಥ ಮನುಷ್ಯ ಒಂದೇ ಒಂದು ಮಾತಿನಿಂದಾಗಿ ತಮ್ಮ ಮನೆಯಲ್ಲೇ ಕಳ್ಳನ ಹಾಗೆ ಓಡಾಡುವಂತಾಯಿತು.

ಅಕ್ಕನಿಗೆ ಕಿವಿ ಮಂದವಾಗುತ್ತಾ ಬಂದಿತ್ತು. ಅವಳು ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಕೇಳದಿದ್ದರೆ ಸುಮ್ಮನೆ ನಗುವುದು, ಇಲ್ಲವೇ ಹೂಂ ಅಂದುಬಿಡುವುದು, ಹೀಗೆ ಹೇಗೋ ನಿಭಾಯಿಸುತ್ತಿದ್ದಳು. ಸಿನಿಮಾ ಎಂದರೆ ಅವಳಿಗೆ ಪ್ರಾಣ. ರಜೆಯ ದಿನ ಭಾವನ ಪಕ್ಕ ಸೋಫಾದಲ್ಲಿ ಕುಳಿತು ಟಿವಿಯಲ್ಲಿ ಸಿನಿಮಾ ನೋಡುವುದು ಅವರಿಬ್ಬರಿಗಿದ್ದ ಒಂದೇ ಶೋಕಿ.

ಒಂದು ಭಾನುವಾರ ನಾನು, ನನ್ನ ಅಮ್ಮ, ಭಾವನ ಅಣ್ಣ ಮತ್ತು ಅತ್ತಿಗೆ ಎಲ್ಲರೂ ಅವರ ಮನೆಯಲ್ಲಿ ಸೇರಿದ್ದೆವು. ಸಿನಿಮಾ ನಡೆಯುತ್ತಿತ್ತು. ಅಕ್ಕ ಮತ್ತೆ ಮತ್ತೆ ಭಾವನ ತೋಳು ತಟ್ಟಿ, "ಏನಂದ? ಈಗ ಏನಂದ?" ಎಂದು ಕೇಳುತ್ತಿದ್ದಳು. ಕೊನೆಗೆ ಭಾವ ಆ ಅಂಗಡಿಯ ಗಂಟಲಲ್ಲಿ ಅರಚಿದರು. "ನಿಂಗೆ ಹೇಳೋದೂ ಒಂದೇ, ಈ ಗೋಡೆಗೆ ಹೇಳೋದೂ ಒಂದೇ! ಸುಮ್ನೆ ಕೂತ್ಕೊಳ್ಳೇ, ಕಿವುಡಿ!"

ಎಲ್ಲರೂ ನಕ್ಕೆವು. ಅತ್ತಿಗೆಯಂತೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಎದ್ದು ಅಡುಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು. ಆವತ್ತಿನಿಂದ ಅವಳು ಟಿವಿ ಮುಂದೆ ಕೂರಲಿಲ್ಲ. ಭಾವ ಕರೆದರೆ, "ಕೆಲಸ ಇದೆ, ನೀವು ನೋಡಿ" ಅನ್ನುವಳು.

ತಪ್ಪಾಯಿತು ಅಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ನಮ್ಮ ಭಾವನ ಬಾಯಲ್ಲಿ ಲೋಕದ ಎಲ್ಲ ಮಾತೂ ಬರುತ್ತಿತ್ತು, ಅದೊಂದು ಬಿಟ್ಟು. ತಟ್ಟೆಗೆ ಮುಖ ಹುದುಗಿಸಿ ಊಟ ಮಾಡುವರು, ಚಪ್ಪಲಿ ನೋಡಿಕೊಂಡು "ಅಂಗಡಿಗೆ ಹೋಗಿ ಬರ್ತೀನಿ" ಎಂದು ಗೊಣಗುವರು. ಒಂದು ದಿನ ನಾನು ಅಂಗಡಿಗೆ ಹೋದಾಗ ನನ್ನ ಹತ್ತಿರ ಹೇಳಿಕೊಂಡರು. "ನಾಚಿಕೆ ಆಗುತ್ತೆ ಕಣೋ. ಯಾರಾದ್ರೂ ಬೇರೆಯವ್ರು ಅವಳಿಗೆ ಹಾಗೆ ಅಂದಿದ್ರೆ ಹಲ್ಲು ಉದುರಿಸ್ತಿದ್ದೆ. ಅಂದಿದ್ದು ನಾನೇ. ಯಾರ ಹಲ್ಲು ಉದುರಿಸಲಿ?"

"ಅವಳಿಗೇ ಹೇಳಿ ಭಾವ, ಇದನ್ನೇ," ಎಂದೆ.

"ನೀನು ಬಾಯಿ ಮುಚ್ಚು. ಇದನ್ನ ನೋಡು," ಎಂದು ಫೋನು ಮುಂದೆ ಹಿಡಿದರು.

ಅದರಲ್ಲಿ ಯಾರೋ ಪುಣ್ಯಾತ್ಮ ಮನೆಯಲ್ಲೇ ಗುಡುಗಿನಂಥ ದಪ್ಪ ಸದ್ದು ಹೊರಡಿಸುವ ಸಬ್‌ವೂಫರ್ ಕಟ್ಟುವುದು ಹೇಗೆಂದು ತೋರಿಸುತ್ತಿದ್ದ. ಗಾಳಿ ಸೋರದಂತೆ ಒಂದು ಪೆಟ್ಟಿಗೆ, ಅದಕ್ಕೊಂದು ದೊಡ್ಡ ಸ್ಪೀಕರ್, ಪಕ್ಕದಲ್ಲಿ ತೂತು ಕೊರೆದು ಕೂರಿಸಿದ ಪೈಪು. ಸ್ಪೀಕರ್ ಪೆಟ್ಟಿಗೆಯೊಳಕ್ಕೆ ತಳ್ಳಿದ ಗಾಳಿ ಪೈಪಿನಿಂದ ಹೊರಬಂದು ಸದ್ದಿಗೆ ಸದ್ದು ಸೇರಿಸುತ್ತದೆ. ಭಾವನ ಕಣ್ಣು ಮಿನುಗುತ್ತಿತ್ತು. "ಇದರ ಸದ್ದಿಗೆ ಕಿವಿಯೇ ಬೇಡ್ವಂತೆ. ನೇರ ಎದೆಗೆ ಕೇಳಿಸುತ್ತಂತೆ. ಅವಳು ಮತ್ತೆ ಬಂದು ನನ್ನ ಪಕ್ಕ ಕೂತ್ಕೋತಾಳೆ ನೋಡ್ತಿರು. ಇರೋದೇ ಗಾಳಿ ಕೆಲಸ, ನಂಗೆ ಬರದೇ ಇರುತ್ತಾ?"

ಅಂಗಡಿಯಲ್ಲಿ ಸಿಗುವ ಸಬ್‌ವೂಫರ್ ಕೊಳ್ಳುವ ಯೋಗ್ಯತೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಗುಜರಿಗೆ ಬಂದ ಕಾರಿನಿಂದ ಸ್ಪೀಕರ್ ಸಿಕ್ಕಿತು, ಆಂಪ್ಲಿಫೈಯರೂ ಅದರದ್ದೇ. ಪೈಪನ್ನು ನಲ್ಲಿ ರಿಪೇರಿಯವನು ಬಿಟ್ಟುಹೋದ ತುಂಡಿನಿಂದ ಹೊಂದಿಸಿದರು. ಪೆಟ್ಟಿಗೆಗೆ ಮರದ ಪುಡಿ ಒತ್ತಿ ಮಾಡಿದ ಅಗ್ಗದ ಹಲಗೆ. ಅಂಟು ಹಾಕಿ, ಸ್ಕ್ರೂ ಬಿಗಿದು, ಪೆಟ್ಟಿಗೆ ನಿಲ್ಲಿಸಿದಾಗ ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಇತ್ತು. ಅಲ್ಲಿಗೆ ಬಿಟ್ಟಿದ್ದರೆ ಅವರು ಗಾಳಿ ಭಾವ ಯಾಕಾಗುತ್ತಿದ್ದರು? ಸೋರುತ್ತದೋ ಇಲ್ಲವೋ ನೋಡಬೇಕೆಂದು ಪೈಪಿನ ಬಾಯಿಗೆ ಟ್ಯೂಬಿನ ರಬ್ಬರು ಬಿಗಿದು, ಒಳಗೆ ಗಾಳಿ ಬಿಟ್ಟು, ಸಂದುಗಳಿಗೆಲ್ಲ ಸೋಪಿನ ನೀರು ಬಳಿದರು. "ಒಂದು ಗುಳ್ಳೆ ತೋರಿಸು ನೋಡೋಣ!" ಎಂದು ನನಗೇ ಸವಾಲು. ಗುಳ್ಳೆಯೇನೋ ಬರಲಿಲ್ಲ. ಮಾರನೆಯ ದಿನ ಹೋಗಿ ನೋಡಿದರೆ ಅಷ್ಟೂ ಸೋಪಿನ ನೀರು ಕುಡಿದ ಹಲಗೆ ಟೀಯಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಊದಿಕೊಂಡು ಬಿರಿದಿತ್ತು.

"ಟೈರಿಗೆ ಇಂಥ ಕಾಯಿಲೆ ಇಲ್ಲಪ್ಪ," ಎಂದು ಗೊಣಗಿ, ಅಂಗಡಿಯ ಹಳೆಯ ಬೋರ್ಡನ್ನು ಇಳಿಸಿದರು. ಅದು ಒಳ್ಳೆಯ ಪ್ಲೈವುಡ್. ಎರಡನೆಯ ಪೆಟ್ಟಿಗೆ ಎದ್ದಿತು, ಹಿಂಬದಿಯಲ್ಲಿ 'ಇಲ್ಲಿ ಗಾಳಿ ತುಂಬಲಾಗುತ್ತದೆ' ಎಂಬ ಕೆಂಪು ಅಕ್ಷರಗಳ ಸಮೇತ. ಈ ಪೆಟ್ಟಿಗೆಗೆ ಪೈಪು ಉದ್ದವಾಯಿತು. ಕಣ್ಣಳತೆಯಲ್ಲಿ ಕತ್ತರಿಸಿ ಕೂರಿಸಿದರು. ಫೋನಿನ ಪುಣ್ಯಾತ್ಮ ಪೈಪಿನ ಅಳತೆ ತಪ್ಪಿದರೆ ಎಲ್ಲವೂ ಕೆಡುತ್ತದೆಂದು ಬಡಿದುಕೊಂಡಿದ್ದ. ಭಾವ ಅಷ್ಟು ಹೊತ್ತಿಗೆ ಅವನ ಮಾತು ಕೇಳುವುದನ್ನು ಬಿಟ್ಟಿದ್ದರು.

ಆಮೇಲೆ ಒಂದು ಹಟ ಹಿಡಿದರು. ಆವತ್ತು ನಕ್ಕವರೆಲ್ಲ ಬರಲೇಬೇಕು, ಅವರ ಎದುರಿಗೇ ಅಕ್ಕ ಸೋಫಾದಲ್ಲಿ ಕೂರಬೇಕು. ಹಾಗೆಯೇ ಸೇರಿದೆವು. ಅಕ್ಕ ಬೇಡ ಬೇಡ ಎನ್ನುತ್ತಲೇ ಬಂದು, ಒದ್ದೆ ಕೈ ಒರೆಸಿಕೊಂಡು ಸೋಫಾದ ನಡುವೆ ಕುಳಿತಳು. ಭಾವ ಸ್ವಿಚ್ ಒತ್ತಿದರು.

ಟಿವಿಯಲ್ಲಿ ಮೊದಲಿಗೆ ಒಂದು ಸೇತುವೆ ಸ್ಫೋಟಗೊಂಡಿತು. ಅಬ್ಬಬ್ಬಾ! ಶೋಕೇಸಿನ ಗಾಜು ನಡುಗಿತು, ಅಮ್ಮನ ಲೋಟದ ಟೀ ತುಳುಕಿತು. ಅಕ್ಕ ಎದೆಯ ಮೇಲೆ ಕೈ ಇಟ್ಟುಕೊಂಡು, ಬಾಯಿ ತುಂಬ ನಕ್ಕು, "ಗೊತ್ತಾಗ್ತಿದೆ ರೀ! ಇಲ್ಲಿ ಗೊತ್ತಾಗ್ತಿದೆ!" ಎಂದಳು. ಭಾವ ಟಿವಿ ನೋಡುತ್ತಿರಲಿಲ್ಲ, ಬಾಗಿಲ ಹತ್ತಿರ ನಿಂತು ಓರೆಗಣ್ಣಿನಲ್ಲಿ ಅವಳನ್ನೇ ನೋಡುತ್ತಿದ್ದರು. ಅಷ್ಟು ಖುಷಿಯಾಗಿ ಅವರನ್ನು ನಾನು ಯಾವತ್ತೂ ಕಂಡಿರಲಿಲ್ಲ.

ಸೇತುವೆ ಬಿದ್ದ ಮೇಲೆ ಆಸ್ಪತ್ರೆ ಬಂತು. ಹಾಸಿಗೆಯ ಮೇಲಿದ್ದ ಹೆಂಗಸು ಮಗನಿಗೆ ಕೊನೆಯ ಮಾತು ಹೇಳುತ್ತಿದ್ದಳು. ಹಿನ್ನೆಲೆಯಲ್ಲಿ ಮೆಲ್ಲಗೆ ಸಂಗೀತ. ನಮ್ಮ ಪೆಟ್ಟಿಗೆಗೆ ಮೆಲ್ಲಗೆ ಎಂಬುದೇ ಗೊತ್ತಿರಲಿಲ್ಲ. ಬುಂಯ್ ಎಂದು ಒಂದೇ ಸಮ ಗುಂಯ್‌ಗುಟ್ಟಿ ಆ ಹೆಂಗಸಿನ ಮಾತನ್ನೆಲ್ಲ ನುಂಗಿಹಾಕಿತು. ನಮಗೇ ಅರೆಬರೆ ಕೇಳುತ್ತಿತ್ತು, ಅಕ್ಕನಿಗೆ ಏನು ಕೇಳಬೇಕು? ಅವಳು ತಿರುಗಿ ಭಾವನನ್ನು ನೋಡಿದಳು. ಅವರ ಮುಖ ಇನ್ನೂ ಅರಳಿಯೇ ಇತ್ತು. ನಗುವ ಸನ್ನಿವೇಶ ಇರಬೇಕು ಅಂದುಕೊಂಡಳೇನೋ, ಜೋರಾಗಿ ನಕ್ಕಳು.

ಹೆಂಗಸು ಸತ್ತಳು. ಅತ್ತಿಗೆ ಗಂಡನ ಮುಖ ನೋಡಿ ಕಿಸಕ್ಕೆಂದರು. ಅಕ್ಕನ ಕಣ್ಣು ಅದನ್ನು ಹಿಡಿಯಿತು. ನಗು ಅರ್ಧಕ್ಕೇ ನಿಂತು, ಮುಖ ಕಿವಿಯ ತನಕ ಕೆಂಪಾಯಿತು. ನನಗೆ ಆ ಅತ್ತಿಗೆಯನ್ನು ಎತ್ತಿ ಮೆಟ್ಟಿಲಾಚೆ ಇಟ್ಟು ಬರೋಣ ಅನ್ನಿಸಿತು.

ಭಾವ ಪ್ಲಗ್ಗನ್ನೇ ಕಿತ್ತರು. ಅವರು ನೆಲ ನೋಡುತ್ತಾ ಏನೋ ಗೊಣಗಿದರು. ನನಗೆ ಕೇಳಿಸಿದ್ದು ಇಷ್ಟು: "ನಾನು ದಡ್ಡ. ಮತ್ತೆ ನಿನ್ನ ಮರ್ಯಾದೆ ಕಳೆದೆ."

"ಏನಂದ್ರಿ?" ಎಂದಳು ಅಕ್ಕ.

ಭಾವ ನೆಲದ ಕಡೆಗೇ ಇನ್ನೇನೋ ಅಂದರು.

ಅಕ್ಕ ಎದ್ದು ಹೋಗುತ್ತಾಳೆ, ಇನ್ನೆಂದೂ ಈ ಸೋಫಾ ಹತ್ತುವುದಿಲ್ಲ ಅಂದುಕೊಂಡೆ. ಅವಳು ಏಳಲಿಲ್ಲ. ಎಲ್ಲರ ಎದುರಿಗೇ ಹೇಳಿದಳು. "ನಂಗೆ ಕಿವಿ ಕೇಳಲ್ಲ. ಆವತ್ತು ನೀವು ಅಂದ ಒಂದು ಮಾತು ಮಾತ್ರ ಚೆನ್ನಾಗಿ ಕೇಳಿಸ್ತು, ಅಷ್ಟು ಜೋರಾಗಿ ಅಂದ್ರಿ. ಆದ್ರೂ ಸಹಿಸ್ಕೊಂಡೆ. ಸಹಿಸೋಕಾಗದೇ ಇದ್ದದ್ದು ಅದಲ್ಲ. ಇಷ್ಟು ದಿನ ನಿಮ್ಮ ತುಟಿ ನೋಡಿ ಅರ್ಧ ತಿಳ್ಕೋತಿದ್ದೆ. ಆವತ್ತಿಂದ ನೀವು ಮುಖಾನೇ ತೋರಿಸ್ತಿಲ್ಲ. ತಟ್ಟೆ ಹತ್ರ ಮಾತಾಡ್ತೀರಿ, ಚಪ್ಪಲಿ ಹತ್ರ ಮಾತಾಡ್ತೀರಿ. ಈ ಮನೇಲಿ ನಂಗೆ ಕೇಳಿಸ್ತಿದ್ದವರು ನೀವೊಬ್ರೇ, ಅದೂ ಹೋಯ್ತು."

ಅಕ್ಕ ಭಾವನ ಕಡೆಗೇ ತಿರುಗಿ ಕುಳಿತಳು.

"ಏನು ಹೇಳೋದಿದ್ರೂ ತಲೆ ಎತ್ತಿ ಹೇಳಿ," ಎಂದಳು.

ಭಾವನಿಗೆ ಅದು ಸುಲಭವಿರಲಿಲ್ಲ. ಟ್ರಕ್ಕಿನ ಟೈರು ಒಬ್ಬರೇ ಎತ್ತುವ ಮನುಷ್ಯ, ತಮ್ಮ ತಲೆ ಎತ್ತಲು ಅಷ್ಟು ಹೊತ್ತು ತೆಗೆದುಕೊಂಡರು. ಕೊನೆಗೆ ಎತ್ತಿದರು. ಕಣ್ಣು ತುಂಬಿತ್ತು. ಅಕ್ಕನ ಮುಖವನ್ನೇ ನೋಡುತ್ತಾ ಬಾಯಿ ತೆರೆದರು. ಬೀದಿಗೆಲ್ಲ ಕೇಳಿಸುವ ಆ ಗಂಟಲಿನಿಂದ ಚೂರೂ ಸ್ವರ ಹೊರಡಲಿಲ್ಲ, ತುಟಿ ಮಾತ್ರ ಅಲ್ಲಾಡಿತು. ನಮಗೆ ಯಾರಿಗೂ ಏನೂ ಕೇಳಿಸಲಿಲ್ಲ.

ಅವರ ತುಟಿಯನ್ನೇ ನೋಡುತ್ತಿದ್ದ ಅಕ್ಕ ಹೂಂ ಅಂದಳು. ಸೋಫಾದಲ್ಲಿ ಅವರಿಗೆ ಜಾಗ ಬಿಟ್ಟು ಸ್ವಲ್ಪ ಪಕ್ಕಕ್ಕೆ ಸರಿದಳು.