ಅಕ್ಕ ಹೇಳಿದ್ದು, ನಾನು ಕೇಳದ್ದು

ನನ್ನ ಹೊಟ್ಟೆನೋವಿಗೆ ಎಂಡೋಸ್ಕೋಪಿ ಆಗಬೇಕೆಂದು ಕಾಸರಗೋಡಿನ ಆಸ್ಪತ್ರೆಯಲ್ಲಿ ಹೇಳಿದಾಗ ನಾನು ಹೆದರಲಿಲ್ಲ. ತಲೆನೋವಾದದ್ದು ಬೈಸ್ಟ್ಯಾಂಡರ್, ಅಂದರೆ ರೋಗಿಯ ಜೊತೆಗಿರುವವರ ವಿಷಯ. ಮಂಪರು ಬರುವ ಇಂಜೆಕ್ಷನ್ ಕೊಡುತ್ತಾರೆ, ಜೊತೆಗೆ ಮನೆಯವರೊಬ್ಬರು ಇಲ್ಲದೆ ಒಳಗೆ ಬಿಡುವುದೇ ಇಲ್ಲ. ಹೆಂಡತಿ ಜ್ವರ ಬಂದು ಮಲಗಿದ್ದಳು. ನನಗೊಂದು ಮಾತೂ ಹೇಳದೆ ಬಾಯಾರಿನಲ್ಲಿರುವ ನನ್ನ ಅಕ್ಕನಿಗೆ ಫೋನ್ ಮಾಡಿಬಿಟ್ಟಿದ್ದಳು ಪುಣ್ಯಾತ್ಗಿತ್ತಿ.

ಅಕ್ಕನೊಡನೆ ನಾನು ಆರು ವರ್ಷದಿಂದ ಮಾತು ಬಿಟ್ಟಿದ್ದೆ. ಅಮ್ಮ ತೀರಿಕೊಂಡಾಗ ಅವಳು ಬರಲಿಲ್ಲ. ಬಾಯಾರಿನಿಂದ ಕುಂಜತ್ತೂರಿನ ನಮ್ಮ ಮನೆಗೆ ಏನು ಮಹಾ ದೂರ? ಕಾದು ಕಾದು ಕೊನೆಗೆ ಚಿತೆಗೆ ಬೆಂಕಿ ಕೊಟ್ಟೆ. ಏಕೆ ಬರಲಿಲ್ಲವೆಂದು ಅವಳು ಹೇಳಲಿಲ್ಲ. ನಾನೇಕೆ ಕೇಳಬೇಕು ಎಂಬ ಹಠ ನನ್ನದು. ಆದರೆ ಅದನ್ನು ತಿಳಿಯದೆ ಒಂದು ದಿನವೂ ನೆಮ್ಮದಿಯಿಂದ ಉಂಡವನಲ್ಲ.

ಆಸ್ಪತ್ರೆಗೆ ಬಂದ ಅಕ್ಕ ನನ್ನ ಕನ್ನಡಕ ಹಿಡಿದುಕೊಂಡು ಕುಳಿತಿದ್ದಳು. ನನ್ನನ್ನು ಒಳಗೆ ಮಲಗಿಸಿ ಕೈಯ ನರಕ್ಕೆ ಔಷಧಿ ಬಿಟ್ಟರು. ಮೇಲಿನ ಟ್ಯೂಬ್‌ಲೈಟಿನಲ್ಲಿ ಒಂದು ಹುಳ ಸತ್ತು ಬಿದ್ದಿತ್ತು, ಅದನ್ನು ನೋಡುತ್ತಿದ್ದೆ. ಮರುಕ್ಷಣ ನಾನು ಬೇರೆ ಕೋಣೆಯ ಮಂಚದಲ್ಲಿ ಕುಳಿತಿದ್ದೆ. ಅಕ್ಕ ನನ್ನ ಕೈ ಹಿಡಿದುಕೊಂಡಿದ್ದಳು. ಅವಳ ಕಣ್ಣು ಕೆಂಪಾಗಿತ್ತು.

"ಯಾವಾಗ ಶುರು ಮಾಡುವುದಂತೆ?" ಎಂದೆ.

"ಮುಗಿದು ಅರ್ಧ ಗಂಟೆ ಆಯ್ತು ಮಾರಾಯ! ಇಷ್ಟು ಹೊತ್ತು ನನ್ನತ್ರ ಮಾತಾಡಿದ್ದು ಯಾರು ಮತ್ತೆ?"

"ನಾನಾ? ಎಂತ ಮಾತಾಡಿದೆ?"

"ಅಮ್ಮ ಹೋದಾಗ ಯಾಕೆ ಬರ್ಲಿಲ್ಲ ಅಂತ ನೀನು ಕೇಳಿದೆ. ನಾನು ಎಲ್ಲ ಹೇಳಿದೆ. 'ಸಾರ ಇಲ್ಲ ಅಕ್ಕ, ಪರವಾಗಿಲ್ಲ, ಬಿಡು' ಅಂತ ನೀನೇ ನನ್ನ ಕಣ್ಣು ಒರೆಸಿದೆ."

ನೇರ ಡಾಕ್ಟರರ ಹತ್ತಿರ ಹೋಗಿ, ಇದೆಂತ ಕಥೆ ಎಂದು ಜೋರು ಮಾಡಿದೆ. ಅವರು ನಕ್ಕರು. ಮಿದುಳನ್ನು ಶಾಂತ ಮಾಡುವ ರಾಸಾಯನಿಕವೊಂದು ಮಿದುಳಿನಲ್ಲೇ ಇದೆಯಂತೆ, ಮಿಡಜೋಲಂ ಎಂಬ ಈ ಔಷಧಿ ಅದಕ್ಕೆ ಬಲ ಕೊಡುತ್ತದಂತೆ. ಹೆದರಿಕೆ ಇಳಿಯುತ್ತದೆ, ಮಂಪರು ಬರುತ್ತದೆ, ಕೇಳಿದ್ದಕ್ಕೆ ಉತ್ತರವನ್ನೂ ಕೊಡುತ್ತೇವೆ. ಆ ಹೊತ್ತಿನ ನೆನಪು ಮಾತ್ರ ದಾಖಲಾಗುವುದಿಲ್ಲ.

"ಮುಂದೆ ಎಂದಾದರೂ ನೆನಪಾಗ್ಬಹುದಾ?"

"ಇಲ್ಲ ಮಾಷೇ. ಮರೆತದ್ದಾದ್ರೆ ನೆನಪಾದೀತು. ಇದು ಒಳಗೆ ಹೋಗ್ಲೇ ಇಲ್ಲ."

ಮೂವತ್ತು ವರ್ಷ ಮೇಷ್ಟ್ರಾಗಿ ಮಕ್ಕಳ ಹಾಜರಿ ಕರೆದವನು ನಾನು. ಓಗೊಟ್ಟವನೇ ಗೈರುಹಾಜರಾಗುವುದು ಹೇಗೆ? ಹಾಗಾದರೆ ಅಕ್ಕನ ಕಣ್ಣೊರೆಸಿದವನು ಯಾರು? ನಾನೋ, ಔಷಧಿಯೋ? ಈಗಲೂ ನನಗೆ ಅರ್ಥವಾಗಿಲ್ಲ.

ಹೊರಗೆ ಬಂದು, "ಅಕ್ಕ, ಇನ್ನೊಮ್ಮೆ ಹೇಳು" ಎಂದೆ. ಆರು ವರ್ಷದಲ್ಲಿ ನಾನಾಗಿ ಅವಳನ್ನು ಅಕ್ಕ ಎಂದು ಕರೆದದ್ದು, ನನಗೆ ನೆನಪಿರುವ ಮಟ್ಟಿಗೆ, ಅದೇ ಮೊದಲು.

ಅವಳು ಸೆರಗಿನಿಂದ ನನ್ನ ಕನ್ನಡಕ ಒರೆಸುತ್ತ ನಿಂತಳು. "ನಿನಗೆ ಎಂತದೂ ನೆನಪಿರುವುದಿಲ್ಲ ಅಂತ ನರ್ಸ್ ಮೊದಲೇ ಹೇಳಿದ್ರು. ಅದಕ್ಕೇ ಅಷ್ಟು ಧೈರ್ಯ ಬಂತು ನನಗೆ" ಎಂದಳು. ಆಮೇಲೆ ನನ್ನ ಮುಖ ನೋಡಿದಳು. "ಬೇಕಾದ್ರೆ ಹೇಳ್ತೇನೆ. ಎಚ್ಚರ ಇರುವಾಗ ಕೇಳಿಯೂ ಸಾರ ಇಲ್ಲ ಅಂತೀಯಾ?"

ನಾನು ಕಣ್ಣು ತಪ್ಪಿಸಿ ಕೈಯಲ್ಲಿದ್ದ ಆಸ್ಪತ್ರೆಯ ಚೀಟಿ ಮಡಚತೊಡಗಿದೆ. ಅವಳು ಕನ್ನಡಕವನ್ನು ನನ್ನ ಕೈಗೆ ಕೊಟ್ಟು, ರಿಕ್ಷಾ ಕರೆದಳು.